ಮಿಲ್ಲಿನ ಬೆಲ್ಟಿಗೆ ಹಾಕಿದ ಹೊಲಿಗೆ

ಹರಳೆಣ್ಣೆ ವಾಸನೆ ಬಂದರೆ ನನಗೆ ಈಗಲೂ ಹೊಳೆನರಸೀಪುರದ ಅಕ್ಕಿ ಮಿಲ್ಲೇ ನೆನಪಾಗೋದು. ಅಲ್ಲಿ ಅಪ್ಪ, ಹರಿದ ಬೆಲ್ಟಿನ ಎರಡು ತುದಿ ಸೇರಿಸಿ, ಹರಳೆಣ್ಣೆ ಸವರಿದ ತೊಗಲಿನ ದಾರದಲ್ಲಿ ಹೊಲೀತಿದ್ದ. ದಾರ ತೂರಿಸಿ ಕೊಡೋಳು ನಾನು. ಒಂದಿನ ಮಧ್ಯಾಹ್ನ ಮಾತ್ರ ತಂಗಿಯನ್ನ ಕರೆದ.

“ನಿನ್ನ ಬೆರಳು ಒನಕೆ ಆಗವೆ ಕಣಮ್ಮಿ. ಇವಳದು ಸಣ್ಣಕವೆ” ಅಂದ.

ನನಗೆ ಹೊಟ್ಟೆ ಉರೀತು. ಅವರಿಬ್ಬರೂ ಕೈ ತೊಳೆಯೋಕೆ ಹೋದಾಗ ಅಪ್ಪನ ಚೂರಿಯಲ್ಲೇ ಒಂದು ಹೊಲಿಗೆ ಅರ್ಧ ಕೊಯ್ದೆ. ಮಿಲ್ಲು ಓಡಿಸಿದ್ದೇ ತಡ, ಬೆಲ್ಟು ಚಟೀರಂತ ಬಿಚ್ಚಿಕೊಳ್ತು. ತಂಗಿಗೆ ಅಪ್ಪನ ಏಟು ಬೀಳ್ತದೆ ಅಂತ ಕಾದೆ.

ಅಪ್ಪ ಅವಳ ತಲೆ ಸವರಿ, “ಅಳಬ್ಯಾಡ ಕಣವ್ವ, ತೊಗಲೇ ಹಳೇದು” ಅಂದ. ನನ್ನ ಕಡೆ ತಿರುಗಿ, “ನಿಂತ್ಕಂಡು ಏನ್ ನೋಡ್ತೀಯ? ಓಗಿ ಅವಳಿಗೆ ನೀರು ತತ್ತಾ” ಅಂದ.

ತಂದುಕೊಟ್ಟೆ.