ಅಮೆರಿಕದ ಎರಡು ಪುಸ್ತಕ

ತೊಂಬತ್ತೆಂಟರಲ್ಲಿ, ಎಂಟನೆಯ ಕ್ಲಾಸಿನಲ್ಲಿ, ನಾನು ಓದು ಬಿಟ್ಟೆ. ಪುಸ್ತಕಗಳ ಮೇಲೆ ನನಗೆ ದೊಡ್ಡ ಭಕ್ತಿಯೇನೂ ಇಲ್ಲ. ಆದರೂ ಎಸಿ ರಿಪೇರಿಗೆ ಹೋದ ಮನೆಯಲ್ಲಿ ಹಳೆಯ ಕಾಗದದ ವಾಸನೆ ಬಂದರೆ, ಗಲ್ಫಿನ ಎಲೆಕ್ಟ್ರಾ ಸ್ಟ್ರೀಟಿನ ನಮ್ಮ ಕೋಣೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಕಾರು ಓಡಿಸುತ್ತಿದ್ದ ಮನೆಯ ಅಮೆರಿಕದ ಮುದುಕಿ, ಊರಿಗೆ ಹೊರಡುವಾಗ ಪಾತ್ರೆಗಳ ಜೊತೆ ತನ್ನ ತಾಯಿಯ ಎರಡು ಪುಸ್ತಕವನ್ನೂ ಕೊಟ್ಟಿದ್ದಳು. ಎರಡನೆಯ ಮಹಾಯುದ್ಧದ ಕಾಲದ ಪುಸ್ತಕ, ಹೆಂಗಸರೇ, ಕಾರ್ಖಾನೆಗೆ ಹೋಗಿ ಎನ್ನುತ್ತಿತ್ತು. ಯುದ್ಧ ಮುಗಿದ ಮೇಲಿನದು, ಗಂಡ ಬರುವ ಹೊತ್ತಿಗೆ ಮುಖ ತೊಳೆದು ನಗುತ್ತಾ ನಿಲ್ಲಿ ಎನ್ನುತ್ತಿತ್ತು. ಆ ದೇಶದವರಿಗೆ ಬುದ್ಧಿ ಹೇಳಿ ದಣಿವೇ ಆಗುತ್ತಿರಲಿಲ್ಲವೋ ಏನೋ.

ಮುದುಕಿ ಹೋಗಿ ಕೆಲಸ ತಪ್ಪಿದಾಗ ಅಪ್ಪ ಮೊದಲನೆಯದನ್ನು ಓದಿ ಹೇಳಿ ಅಮ್ಮನನ್ನು ಆಸ್ಪತ್ರೆಯ ಲಾಂಡ್ರಿಗೆ ಕಳಿಸಿದ. ಬೇರೆ ಕೆಲಸ ಸಿಕ್ಕಿದ್ದೇ ಎರಡನೆಯದನ್ನು ತೆರೆದ.

"ನೋಡು ಮಾರಾಯ್ತಿ, ಇದರಲ್ಲೇ ಬರೆದುಂಟು. ನಿನ್ನ ಡ್ಯೂಟಿ ಇನ್ನು ಖಲಾಸ್."

ಅಮ್ಮ ಯೂನಿಫಾರ್ಮಿನಲ್ಲೇ ಬೂತಾಯಿ ಮೀನು ಕೊಯ್ಯುತ್ತಿದ್ದಳು.

"ಹೋದ ವರ್ಷ ಹೋಗು ಅಂದ್ರಿ, ಈಗ ಕೂತ್ಕೋ ಅಂತೀರಿ. ಡ್ಯೂಟಿಯಿಂದ ಬಂದ ಹೆಂಡತಿಯ ಎದುರು ಗಂಡ ಹೇಗೆ ನಿಲ್ಲಬೇಕು ಅಂತ ಯಾವ ಪುಟದಲ್ಲಿ ಉಂಟು? ಹುಡುಕಿ."

ಅಪ್ಪ ನಿಜವಾಗಿಯೂ ಹುಡುಕಿದ. ಮೀನು ಹುರಿದು ಊಟಕ್ಕೆ ಕರೆಯುವವರೆಗೂ ಪುಟ ತಿರುಗಿಸುತ್ತಲೇ ಇದ್ದ. ಮರುದಿನ ಬೆಳಿಗ್ಗೆ ಅಮ್ಮ ಡ್ಯೂಟಿಗೆ ಹೋದಳು.

ಈಗ ನನಗೆ ಒಂದು ಅಂಗಡಿ, ಐದು ಮಂದಿ ಕೆಲಸಗಾರರು, ಎರಡು ವ್ಯಾನು. ಮೊದಲನೆಯ ವ್ಯಾನು ಅಮ್ಮನ ಸಂಬಳದ್ದು.