ಕೆಂಪು ಗರಿಯ ಟೋಪಿ

‘ಈ ಕೋಡ್ ಈಗಾಗಲೇ ಬಳಕೆಯಾಗಿದೆ’ ಎಂದು ಕಂಪ್ಯೂಟರ್ ಪರದೆ ಹೇಳಿದಾಗ ಅವಳು ಸ್ಟೂಲಿನಿಂದ ಎದ್ದೇಬಿಟ್ಟಳು. ಹಾಸ್ಟೆಲ್ಲಿಗೆ ಹೊರಟ ದಿನ, ರಜೆಗೆ ಬಂದಾಗ ಹಾಕಿದರಾಯಿತು ಎಂದು, ಜ್ಯೂಸ್ ಬಾಟಲಿಯಿಂದ ಕಿತ್ತ ಆ ಕೋಡಿನ ಚೀಟಿಯನ್ನು ಅಪ್ಪನ ಕಟಿಂಗ್ ಶಾಪಿನ ಕನ್ನಡಿ ಹಿಂದೆ ಸಿಕ್ಕಿಸಿದ್ದಳು. ಆಟದೊಳಗಿನ ತನ್ನ ಗೊಂಬೆಗೆ ಕೆಂಪು ಗರಿಯ ಟೋಪಿ ಬಿಟ್ಟಿಯಾಗಿ ಸಿಗುವ ಕೋಡು ಅದು. ಆಮೇಲೆ ಓದು, ಕೆಲಸ, ಮದುವೆ. ಆಟ ಮತ್ತೆ ನೆನಪಾದದ್ದು ಇಂದೇ, ಅಂಗಡಿ ಮೂಲೆಯ ಈ ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕಲು ಬಂದಾಗ. ಚೀಟಿ ಮಾತ್ರ ಇಟ್ಟಲ್ಲೇ ಇತ್ತು.

“ಅಪ್ಪಾ, ನನ್ನ ಕೋಡ್ ಯಾರೋ ಹೊಡ್ಕೊಂಡ್ಬಿಟ್ಟಿದಾರೆ!”

ಗಿರಾಕಿಯ ಗಲ್ಲಕ್ಕೆ ನೊರೆ ಹಚ್ಚುತ್ತಿದ್ದ ಅಪ್ಪನ ಬ್ರಷ್ಷು ಗಕ್ಕನೆ ನಿಂತಿತು. ಕನ್ನಡಿಯಲ್ಲಿ ಅವನ ಕಿವಿ ಕೆಂಪಾದದ್ದು ಕಂಡಿತು. ಅವಳು ಪರದೆಯತ್ತ ತಿರುಗಿದಳು. ಆಟದ ಅಂಗಳದಲ್ಲಿ ಅವಳ ಎರಡು ಜಡೆಯ ಗೊಂಬೆ ನಿಂತಿತ್ತು. ಪಕ್ಕದಲ್ಲಿ ಅವಳೆಂದೂ ಕಂಡಿರದ ಇನ್ನೊಂದು: ದಪ್ಪ ಮೀಸೆ, ಡೊಳ್ಳು ಹೊಟ್ಟೆ, ತಲೆಯ ಮೇಲೆ ವಾರೆಯಾಗಿ ಕೆಂಪು ಗರಿಯ ಟೋಪಿ.

“ಇದ್ಯಾರಪ್ಪಾ ಈ ಮೀಸೆ ಸಾಹೇಬ್ರು?”

ಗಿರಾಕಿ ನೊರೆಯೊಳಗಿನಿಂದಲೇ ನಕ್ಕ. ಅಪ್ಪ ನಗಲಿಲ್ಲ, ಬ್ರಷ್ಷನ್ನು ಬಟ್ಟಲಲ್ಲಿ ಸುಮ್ಮನೆ ತಿರುವಿದ.

“ನಾನೇ ಕಣಮ್ಮ. ನೀನು ಹೋದ್ಮೇಲೆ ನಿನ್ನ ಗೊಂಬೆ ಅಲ್ಲಿ ಒಂದೇ ನಿಂತಿರ್ತಿತ್ತು, ನೋಡಕ್ಕಾಗ್ಲಿಲ್ಲ. ಅಂಗಡಿ ಬಾಗಿಲು ಹಾಕೋ ಮುಂಚೆ ದಿನಾ ಸ್ವಲ್ಪ ಹೊತ್ತು ನಾನೂ ಹೋಗಿ ಜೊತೇಲಿ ನಿಲ್ತಿದ್ದೆ.”

“ಸರಿ, ನನ್ನ ಟೋಪಿ ಯಾಕೆ ಹಾಕ್ಕೊಂಡೆ?”

“ನೀನು ಆಟಕ್ಕೆ ಬಂದಾಗ ಗುರುತು ಸಿಗ್ಲಿ ಅಂತ.”