ಹಸಿರು ಹಾಳೆ

ಬಾಗಿಲಲ್ಲಿ ನಿಂತ ಗಂಡಸನ್ನು ಶೌಕತ್ ಖಾನುಮ್ ಒಳಗೆ ಕರೆಯಲಿಲ್ಲ. ಬಾಗಿಲಿನ ಸರಪಳಿಯನ್ನೂ ತೆಗೆಯಲಿಲ್ಲ.

"ಕಾರಿನ ಹಸಿರು ಹಾಳೆ ಕಳೆದುಹೋಗಿದೆ ತಾಯಿ," ಎಂದ ಅವನು. ಹೆಸರು ಯದುಲ್ಲಾ ಅಂತೆ. "ಕಾರು ಯಾರದು ಅಂತ ಹೇಳೋ ಕಾಗದ ಅದೊಂದೇ. ನಿಮ್ಮ ಹೆಸರಲ್ಲಿದೆ. ನೀವೇ ಬಂದು ಹೇಳಿಕೆ ಕೊಟ್ರೆ ಇನ್ನೊಂದು ಕೊಡ್ತಾರೆ. ನನ್ನ ಮಾತಿಗೆ ಅಲ್ಲಿ ಕವಡೆ ಕಿಮ್ಮತ್ತಿಲ್ಲ."

"ಯಾವ ಕಾರು?"

"ಬಿಳಿ ಪ್ರೈಡ್. ಹಿಂದಿನ ಬಾಗಿಲು ನೆಗ್ಗಿದೆ."

ಅವಳ ಕೈ ತಾನಾಗಿ ಸರಪಳಿಗೆ ಹೋಯಿತು. ಆ ನೆಗ್ಗು ಆದದ್ದು ಇದೇ ಗೇಟಿಗೆ ತಾಗಿ. ನಾಲ್ಕು ವರ್ಷದ ಹಿಂದೆ, ನೌರೂಜ್ ಹಬ್ಬಕ್ಕೆ ವಾರವಿದ್ದಾಗ, ಸಿಟ್ಟಿನಲ್ಲಿ ಕಾರನ್ನು ಹಿಂದಕ್ಕೆ ಬಿಟ್ಟವನು ಅವಳ ಒಬ್ಬನೇ ಮಗ ಬೆಹ್ಜಾದ್. ತಾಯಿಗೆ ಒಪ್ಪದ ಹುಡುಗಿಯನ್ನು ಮದುವೆಯಾಗುತ್ತೇನೆ ಎಂದಿದ್ದ. "ಹಾಗಾದ್ರೆ ಈ ಹೊಸ್ತಿಲು ತುಳೀಬೇಡ," ಎಂದಿದ್ದಳು ಅವಳು. ಅಂದಿನಿಂದ ಅವನು ಹೊಸ್ತಿಲೂ ತುಳಿಯಲಿಲ್ಲ, ಇವಳು ಮಾಡಿದ ಫೋನೂ ಎತ್ತಲಿಲ್ಲ. ಆ ಒಂದು ಮಾತನ್ನು ನುಂಗಿಕೊಂಡಿದ್ದರೆ ಆಗುತ್ತಿತ್ತು ಎಂದು ಅವಳು ಅಡುಗೆಮನೆಯಲ್ಲಿ ಒಬ್ಬಳೇ ಎಷ್ಟು ಸಲ ಅಂದುಕೊಂಡಿದ್ದಾಳೋ.

ಹಾಗೆಂದು ಸುದ್ದಿಯೇ ಇಲ್ಲವೆಂದಲ್ಲ. ತಿಂಗಳಿಗೋ ಎರಡು ತಿಂಗಳಿಗೋ ಅವಳ ಫೋನು ಟಿಂಗ್ ಎನ್ನುತ್ತಿತ್ತು. ಎರಡೇ ಸಾಲು. ಹೇಗಿದ್ದೀಯಮ್ಮ ಎಂಬ ಮಾತಿಲ್ಲ. ಯಾವ ಊರು, ಯಾವ ಹೊತ್ತು, ಅಷ್ಟೇ. ಅವಳಿಗೆ ಅದೇ ಹಬ್ಬ. ಉತ್ತರ ಬರೆಯುತ್ತಿರಲಿಲ್ಲ, ಬರೆದು ಪ್ರಯೋಜನವೂ ಇರಲಿಲ್ಲ. ಚಾದರ ಹೊದ್ದು ಅಂದೇ ಬ್ಯಾಂಕಿಗೆ ಹೋಗಿ ದುಡ್ಡು ಕಟ್ಟಿ ಬರುತ್ತಿದ್ದಳು. ತಾಯಿಯಾದವಳು ಅಷ್ಟೂ ಮಾಡದಿದ್ದರೆ ಹೇಗೆ?

"ದುಡ್ಡು ಬೇಕಾದಾಗ ಮಾತ್ರ ನೀನು ನೆನಪಾಗ್ತೀಯ ಅವನಿಗೆ," ಎಂದು ಪಕ್ಕದ ಮನೆಯ ಮಲೀಹೆ ಚುಚ್ಚುತ್ತಿದ್ದಳು.

"ನೆನಪಾದ್ರೆ ಸಾಕು ಬಿಡೇ. ಮೊನ್ನೆ ಕಾಶಾನ್ ದಾಟಿದಾನೆ. ಬೆಲ್ಟು ಹಾಕ್ಕೊಂಡಿಲ್ಲ, ಕತ್ತೆ."

"ಅದನ್ನೂ ಹೇಳ್ತಾನಾ ನಿಂಗೆ?"

"ನಂಗೆಲ್ಲ ಗೊತ್ತಾಗುತ್ತೆ."

ಈಗ ಮಗನ ಕಡೆಯಿಂದ ಒಬ್ಬ ಮನುಷ್ಯನೇ ಬಂದಿದ್ದಾನೆ. ಶೌಕತ್ ಖಾನುಮ್ ಅವನನ್ನು ಕೂರಿಸಿ ಚಹಾ ಕೊಟ್ಟಳು, ಸಕ್ಕರೆ ಹರಳಿನ ಬಟ್ಟಲನ್ನು ಮುಂದೆ ಸರಿಸಿದಳು. ಅವನ ಎದುರಿಗೇ ಕೂತಳು.

"ಬೆಹ್ಜಾದ್ ಚೆನ್ನಾಗಿದಾನಾ?"

ಯದುಲ್ಲಾ ಸಕ್ಕರೆ ಹರಳೊಂದನ್ನು ಬಾಯಿಗೆ ಹಾಕಿಕೊಂಡ. "ನಾನು ನೋಡಿದಾಗ ಚೆನ್ನಾಗೇ ಇದ್ರು ತಾಯಿ. ನಂಬಿಕೆ ಮನುಷ್ಯ. ಬರೀ ಬಾಯಿಮಾತಿನ ಮೇಲೆ ಕಾರಿನ ಕೀ ನನ್ನ ಕೈಗೆ ಹಾಕಿದ್ರು."

"ಯಾವಾಗ ಬರ್ತಾನಂತೆ?"

"ಅದು ನಂಗೆ ಹೇಗೆ ಗೊತ್ತಾಗ್ಬೇಕು?" ಅವನು ಲೋಟದೊಳಗೆ ನೋಡಿದ.

ಏನೂ ಹೇಳಬೇಡ ಎಂದು ಕಳಿಸಿದ್ದಾನೆ, ಅಪ್ಪನ ಹಟವೇ ಇವನಿಗೂ, ಎಂದುಕೊಂಡಳು. ಇರಲಿ. ಇವತ್ತು ಕಾಗದ ಕೇಳಿದವನು ನಾಳೆ ಕಾಗದ ತಗೊಳ್ಳಲು ತಾನೇ ಬರಬಹುದು. ಆಮೇಲೆ ಆ ಹುಡುಗಿಯನ್ನೂ ಕರೆದುಕೊಂಡು ಬರಲಿ, ಇವಳು ಒಂದು ಮಾತೂ ಆಡುವುದಿಲ್ಲ.

ಹೊರಗೆ ಮಲೀಹೆ ಗೋಡೆಯ ಮೇಲಿಂದ ಕತ್ತು ಚಾಚಿ ಪಿಸುಗುಟ್ಟಿದಳು. "ಗುರುತಿಲ್ಲ ಪರಿಚಯ ಇಲ್ಲ, ಇವನ ಹಿಂದೆ ಹೊರಟೆಯಲ್ಲ! ಟೋಪಿ ಹಾಕ್ತಾನೆ ನೋಡು."

"ಟೋಪಿ ಹಾಕೋಕೆ ನನ್ನ ಹತ್ರ ಏನಿದೆ?" ಎಂದಳು ಶೌಕತ್ ಖಾನುಮ್, ನಗುತ್ತ. ಅವಳು ನಕ್ಕು ಬಹಳ ದಿನವಾಗಿತ್ತು.

ಕಾರು ಗೇಟಿನ ಬಳಿಯೇ ಇತ್ತು. ನೆಗ್ಗಿದ ಬಾಗಿಲನ್ನು ಅವಳು ಅಂಗೈಯಿಂದ ಸವರಿದಳು. ಹಿಂದಿನ ಸೀಟಿನಲ್ಲಿ ಒಂದು ಪುಟ್ಟ ಕೆಂಪು ಬೂಟು ಬಿದ್ದಿತ್ತು. ಯಾರದೆಂದು ಕೇಳಲಿಲ್ಲ. ಕೇಳಿದರೆ ಎಲ್ಲಿ ಮೊಮ್ಮಗುವಿಗೆ ದೃಷ್ಟಿ ತಾಗುತ್ತದೋ ಎಂಬ ಅಂಜಿಕೆ. ಬೂಟನ್ನೆತ್ತಿ ಧೂಳು ಒರೆಸಿದಳು, ಚೀಲದಲ್ಲಿದ್ದ ಒಣದ್ರಾಕ್ಷಿಯನ್ನು ಒಂದು ಹಿಡಿ ಕಾಗದದಲ್ಲಿ ಕಟ್ಟಿ ಅದರೊಳಗೆ ಇಟ್ಟಳು. ಯದುಲ್ಲಾ ಅದನ್ನು ಕನ್ನಡಿಯಲ್ಲಿ ನೋಡುತ್ತಲೇ ಕಾರು ಚಾಲೂ ಮಾಡಿದ.

ದಾರಿಯಲ್ಲಿ ಅವನ ಭುಜದತ್ತ ನೋಡಿ, "ಬೆಲ್ಟು ಹಾಕ್ಕೋಪ್ಪ," ಎಂದಳು. "ನನ್ನ ಮಗನಿಗಂತೂ ಹೇಳಿ ಹೇಳಿ ಸಾಕಾಯ್ತು."

ಕಾರಿನ ಕಾಗದ, ನಂಬರ್ ಪ್ಲೇಟು ಬದಲಾಯಿಸುವ ಪೊಲೀಸ್ ಕಚೇರಿಯಲ್ಲಿ ಜನ ಗಿಜಿಗುಡುತ್ತಿದ್ದರು. ಕಿಟಕಿಯ ಹಿಂದಿನ ಪೊಲೀಸಿನವನು ಅವಳ ಗುರುತಿನ ಚೀಟಿ ನೋಡಿದ, ಹೇಳಿಕೆ ಬರೆಸಿಕೊಂಡ, ಕಂಪ್ಯೂಟರಿನ ಕಡೆ ತಿರುಗಿದ.

"ಹಾಳೆಗೆ ತೊಂದರೆ ಇಲ್ಲ, ಇವತ್ತೇ ಅರ್ಜಿ ಹಾಕ್ತೀನಿ. ಕಾರಿನ ಮೇಲೆ ದಂಡದ ಬಾಕೀನೂ ಇಲ್ಲ."

ಯದುಲ್ಲಾನ ಬಾಯಿ ತೆರೆದುಕೊಂಡಿತು. "ಇನ್ನೊಂದ್ಸಲ ನೋಡಿ ಸ್ವಾಮಿ. ಇವರ ಮಗ ನಂಗೆ ಈ ಕಾರು ಮಾರಿ ಬಸ್ಸು ಹತ್ತಿದ್ದು ನಾಲ್ಕು ವರ್ಷದ ಹಿಂದೆ, ನೌರೂಜ್‌ಗೆ ಎರಡು ದಿನ ಇದ್ದಾಗ. ಅವತ್ತಿಂದ ನಾನು ಒಂದು ದಂಡಾನೂ ಕಟ್ಟಿಲ್ಲ. ಅದೇ ಹೆದರಿಕೆಗೆ ಇಷ್ಟು ದಿನ ಈ ಕಡೆ ತಲೆ ಹಾಕಿರಲಿಲ್ಲ."

"ಬಂದ ದಿನಾನೇ ಕಟ್ಟಿದಾರಲ್ಲ ಒಂದೊಂದನ್ನೂ!" ಪೊಲೀಸಿನವನು ಶೌಕತ್ ಖಾನುಮ್ ಕಡೆ ನೋಡಿ ನಕ್ಕ. "ಇಲ್ಲೊಂದು ಸಹಿ ಹಾಕಿಬಿಡಿ ಅಮ್ಮ, ಕಾರು ಇವರ ಹೆಸರಿಗಾಗುತ್ತೆ. ನಿಮಗೂ ಕಾಟ ತಪ್ಪುತ್ತೆ. ಇನ್ನು ನಮ್ಮ ದಂಡದ ಮೆಸೇಜೆಲ್ಲ ನೆಟ್ಟಗೆ ಇವರ ಫೋನಿಗೇ ಹೋಗುತ್ತೆ."

ಶೌಕತ್ ಖಾನುಮ್ ಪೆನ್ನನ್ನು ಕೆಳಗಿಟ್ಟು ಯದುಲ್ಲಾನ ಮುಖವನ್ನು ಮೊದಲ ಸಲ ನೋಡುವವಳಂತೆ ನೋಡಿದಳು. "ಹಾಗಾದ್ರೆ ಮೊನ್ನೆ ಕಾಶಾನ್ ದಾಟುವಾಗ ಬೆಲ್ಟು ಹಾಕ್ಕೊಳ್ದೆ ಇದ್ದವನು ನೀನಾ?"